ಇನ್ನೂರು ಗಜದ ಗುರಿಗೆ .22 ತೋಟಾ: ಒಂದು ಆಯ್ಕೆಯ ಪ್ರಕರಣ ಅಧ್ಯಯನ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ .22 (ಸುಮಾರು 0.22 ಇಂಚು ವ್ಯಾಸದ ಸಣ್ಣ ಗುಂಡಿನ) ರೈಫಲ್ಲಿನ ದೂರದ ಗುರಿ ಸ್ಪರ್ಧೆಗಳು ಜನಪ್ರಿಯವಾಗಿವೆ. ಅಲ್ಲಿ ನೆಲೆಸಿರುವ, ಮೂಲತಃ ಕೊಡಗಿನವರಾದ ಎಂಜಿನಿಯರೊಬ್ಬರು ತಮ್ಮ ಕ್ಲಬ್ಬಿನ ಸ್ಪರ್ಧೆಯಲ್ಲಿ ಎದುರಿಸಿದ ಒಂದು ತೊಂದರೆಯನ್ನು ನನ್ನ ಮುಂದಿಟ್ಟಾಗ, ಅದನ್ನು ಮೊದಲಿನಿಂದ ಕೊನೆಯವರೆಗೆ ದಾಖಲಿಸಿದರೆ ಕನ್ನಡದಲ್ಲಿ ಈ ವಿಷಯವನ್ನು ಓದಬಯಸುವವರಿಗೆ ಉಪಯೋಗವಾದೀತು ಎನ್ನಿಸಿತು. ಅವರ ಹೆಸರನ್ನೂ ಕ್ಲಬ್ಬಿನ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಅವರು ಕೊನೆಗೆ ಆರಿಸಿದ ತೋಟಾದ ಕಂಪನಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ತೊಂದರೆಯ ಸ್ವರೂಪ

ಸ್ಪರ್ಧೆಯಲ್ಲಿ ಉಕ್ಕಿನ ಫಲಕಗಳನ್ನು 25 ಗಜದಿಂದ 200 ಗಜದವರೆಗೆ ಬೇರೆ ಬೇರೆ ದೂರದಲ್ಲಿ ನಿಲ್ಲಿಸಿರುತ್ತಾರೆ. ಬಳಸಬೇಕಾದದ್ದು .22 ಲಾಂಗ್ ರೈಫಲ್ ತೋಟಾ ಮಾತ್ರ. ನಮ್ಮ ಸ್ಪರ್ಧಿಯ ಬಳಿ ಇದ್ದುದು 20 ಇಂಚು ನಳಿಗೆಯ, ಗುಂಡನ್ನು ತಿರುಗಿಸುವ ಒಳಗೀರುಗಳು 16 ಇಂಚಿಗೆ ಒಂದು ಸುತ್ತು ಹಾಕುವ ಒಳ್ಳೆಯ ಬೋಲ್ಟ್ ರೈಫಲ್. ಐವತ್ತು ಗಜದಲ್ಲಿ ಐದು ಗುಂಡು ಹೊಡೆದರೆ ಎಲ್ಲವೂ ಒಂದು ಸಣ್ಣ ನಾಣ್ಯದ ಅಡಿಯಲ್ಲಿ ಅಡಗುತ್ತಿದ್ದವು. ಆದರೆ 200 ಗಜದ ನಾಲ್ಕು ಇಂಚಿನ ಫಲಕದ ಮುಂದೆ ಅದೇ ರೈಫಲ್, ಅದೇ ಕೈ, ಅದೇ ಸ್ಕೋಪು ಒಮ್ಮೆ ಫಲಕದ ಮೇಲೆ, ಇನ್ನೊಮ್ಮೆ ಕೆಳಗೆ ಮಣ್ಣು ಹಾರಿಸುತ್ತಿದ್ದವು. "ಸ್ಕೋಪೇ ಕೆಟ್ಟಿರಬೇಕು, ಬೇರೆ ಏನೂ ಕಾರಣ ಕಾಣಿಸ್ತಿಲ್ಲ" ಎಂಬುದು ಅವರ ಅನುಮಾನವಾಗಿತ್ತು. ಆ ವೇಳೆಗೆ ಅವರು ಬಳಸುತ್ತಿದ್ದುದು ದೊಡ್ಡ ಡಬ್ಬಿಗಳಲ್ಲಿ ಅಗ್ಗವಾಗಿ ಸಿಗುವ ಹೈ-ವೆಲಾಸಿಟಿ ತೋಟಾ. ವೇಗ ಹೆಚ್ಚಿದ್ದಷ್ಟೂ ಗುಂಡು ದೂರಕ್ಕೆ ನೆಟ್ಟಗೆ ಹೋಗುತ್ತದೆ ಎಂಬ ಸಹಜವಾದ ನಂಬಿಕೆಯೇ ಆ ಆಯ್ಕೆಗೆ ಕಾರಣ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸುಮಾರಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ .22 ವಿಭಾಗವೂ ಇರುತ್ತದೆ. ಐವತ್ತು ಮೀಟರಿನ ಆಸುಪಾಸಿನ ಆ ದೂರದಲ್ಲಿ ಬೆಳೆದ ಕೈಗೆ ತೋಟಾಗಳ ನಡುವಿನ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ದೂರ ನಾಲ್ಕು ಪಟ್ಟಾದಾಗ ಲೆಕ್ಕವೇ ಬೇರೆಯಾಗುತ್ತದೆ ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡುವುದು ಈ ಪ್ರಕರಣದ ಮೊದಲ ಕೆಲಸವಾಯಿತು.

ಕಾಗದದ ಮೇಲೆ ಕಂಡದ್ದು

ಉಕ್ಕಿನ ಫಲಕವು ತಾಗಿತು ಅಥವಾ ತಪ್ಪಿತು ಎಂದಷ್ಟೇ ಹೇಳುತ್ತದೆ. ಎಷ್ಟು ತಪ್ಪಿತು, ಯಾವ ಕಡೆಗೆ ತಪ್ಪಿತು ಎಂಬುದಕ್ಕೆ ಕಾಗದವೇ ಬೇಕು. ಆದ್ದರಿಂದ ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಿನಲ್ಲಿ, 200 ಗಜದಲ್ಲಿ ದೊಡ್ಡ ಕಾಗದ ಕಟ್ಟಿ, ರೈಫಲ್ಲಿನ ಪಕ್ಕದಲ್ಲಿ ಪ್ರತಿ ಗುಂಡಿನ ವೇಗವನ್ನು ಅಳೆಯುವ ಡಾಪ್ಲರ್ ರಾಡಾರ್ ಕ್ರೋನೋಗ್ರಾಫ್ ಇಟ್ಟು, ಒಂದೊಂದೇ ಗುಂಡನ್ನು ಹೊಡೆದು ಬರೆದುಕೊಂಡೆವು. ಸ್ಪಾಟಿಂಗ್ ಸ್ಕೋಪ್ ಎಂಬ ದುರ್ಬೀನಿನಲ್ಲಿ ಪ್ರತಿ ತೂತನ್ನು ನೋಡಿ, ಅದರ ಜಾಗವನ್ನು ಪುಸ್ತಕದಲ್ಲಿ ಗುರುತಿಸಿ, ಪಕ್ಕದಲ್ಲಿ ಆ ಗುಂಡಿನ ವೇಗವನ್ನು ಬರೆಯುವುದು ನಿಧಾನದ ಕೆಲಸ. ಆದರೆ ಈ ಇಡೀ ಅಧ್ಯಯನದಲ್ಲಿ ಅತ್ಯಂತ ಹೆಚ್ಚು ಹೇಳಿದ್ದು ಆ ಪುಟವೇ. ತೂತುಗಳ ಗುಂಪು ಅಗಲಕ್ಕೆ ಕಿರಿದಾಗಿತ್ತು, ಎತ್ತರಕ್ಕೆ ಉದ್ದವಾಗಿತ್ತು; ಮೇಲಿನ ತೂತುಗಳ ಪಕ್ಕದಲ್ಲಿ ಹೆಚ್ಚು ವೇಗದ ಅಂಕಿಗಳಿದ್ದವು, ಕೆಳಗಿನವುಗಳ ಪಕ್ಕದಲ್ಲಿ ಕಡಿಮೆ ವೇಗದವು. ಸ್ಕೋಪು ಕೆಟ್ಟಿದ್ದರೆ ತೂತಿನ ಎತ್ತರಕ್ಕೂ ಗುಂಡಿನ ವೇಗಕ್ಕೂ ಹೀಗೆ ಹೊಂದಿಕೆ ಇರುತ್ತಿರಲಿಲ್ಲ. ದೋಷ ತೋಟಾದ ವೇಗದ ಏರುಪೇರಿನಲ್ಲಿತ್ತು.

ಸ್ಕೋಪನ್ನು ಕಂಪನಿಗೆ ಹಿಂದಿರುಗಿಸುವ ಮೊದಲು, ಹೊಸ ನಳಿಗೆ ಕೊಳ್ಳುವ ಮೊದಲು, ಯಾರೇ ಆದರೂ ಮಾಡಬೇಕಾದ ಪರೀಕ್ಷೆ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ವೇಗ ಮತ್ತು ಎತ್ತರ ಒಟ್ಟಿಗೆ ಏರಿಳಿದರೆ ತೋಟಾವನ್ನು ನೋಡಬೇಕು; ಎರಡಕ್ಕೂ ಸಂಬಂಧವೇ ಇಲ್ಲದೆ ತೂತುಗಳು ಚದುರಿದ್ದರೆ ಗುರಿಯನ್ನು ಮೇಲೆ ಕೆಳಗೆ ಹೊಂದಿಸುವ ಸ್ಕೋಪಿನ ತಿರುಪು, ಮರದ ಹಿಡಿಯ ಬಿಗಿ, ಹೊಡೆಯುವವರ ಭಂಗಿ ಇವುಗಳ ಕಡೆಗೆ ಹೋಗಬೇಕು.

ವೇಗದ ಏರುಪೇರು ಎತ್ತರವನ್ನು ಹೇಗೆ ಕೆಡಿಸುತ್ತದೆ

ಮ್ಯಾಚ್ ದರ್ಜೆಯ, ಅಂದರೆ ಸ್ಪರ್ಧೆಗೆಂದೇ ತಯಾರಾಗುವ .22 ತೋಟಾದ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 1,070 ಅಡಿ ವೇಗದಲ್ಲಿ ಹೊರಡುತ್ತದೆ. ಐವತ್ತು ಗಜಕ್ಕೆ ಸ್ಕೋಪನ್ನು ಹೊಂದಿಸಿದ್ದರೆ, ಅದು 100 ಗಜದಲ್ಲಿ ಸುಮಾರು 7 ಇಂಚು ಕೆಳಗೆ ಬೀಳುತ್ತದೆ; 200 ಗಜದಲ್ಲಿ ಸುಮಾರು ನಾಲ್ಕೂವರೆ ಅಡಿ. ಆ ದೂರ ಕ್ರಮಿಸಲು ಅದಕ್ಕೆ ಬೇಕಾಗುವ ಸಮಯ ಸೆಕೆಂಡಿನ ಮೂರನೆಯ ಎರಡು ಭಾಗಕ್ಕೆ ಹತ್ತಿರ. ಈ ನಾಲ್ಕೂವರೆ ಅಡಿ ನೋಡಿ ಹೆದರಬೇಕಾಗಿಲ್ಲ. ಪ್ರತಿ ಗುಂಡೂ ಅಷ್ಟೇ ಬೀಳುವುದಾದರೆ ಸ್ಕೋಪಿನ ತಿರುಪಿನಲ್ಲಿ ಅಷ್ಟನ್ನೂ ಸರಿದೂಗಿಸಬಹುದು. ಸರಿದೂಗಿಸಲಾಗದ್ದು ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ನಡುವಿನ ವ್ಯತ್ಯಾಸ.

ಗುಂಡು ಬೀಳುವ ಪ್ರಮಾಣ ಅದು ಗಾಳಿಯಲ್ಲಿರುವ ಸಮಯದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗದ ಸಣ್ಣ ಏರುಪೇರಿನ ಪರಿಣಾಮ ದೂರದೊಂದಿಗೆ ಒಂದಕ್ಕೊಂದರಂತೆ ಬೆಳೆಯದೆ ಹೆಚ್ಚುಕಡಿಮೆ ದೂರದ ವರ್ಗದಂತೆ ಬೆಳೆಯುತ್ತದೆ. ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 10 ಅಡಿಯ ಅಂತರವಿದ್ದರೆ 50 ಗಜದಲ್ಲಿ ಅವುಗಳ ಎತ್ತರದ ಅಂತರ ಕೇವಲ 0.07 ಇಂಚು, 100 ಗಜದಲ್ಲಿ 0.3 ಇಂಚು, 200 ಗಜದಲ್ಲಿ ಸುಮಾರು 1.2 ಇಂಚು. ದೂರ ನಾಲ್ಕು ಪಟ್ಟಾದರೆ ದೋಷ ಹದಿನಾರು ಪಟ್ಟು. ಐವತ್ತು ಗಜದಲ್ಲಿ ಒಂದೇ ತೂತು ಮಾಡುವ ತೋಟಾ ಇನ್ನೂರಕ್ಕೆ ಹೋದಾಗ ಕೈಕೊಡುವುದು ಇದರಿಂದಲೇ. ವೇಗದಲ್ಲಿ ಸೆಕೆಂಡಿಗೆ 40 ಅಡಿಯ ಒಟ್ಟು ಅಂತರ ಇರುವ ತೋಟಾ ಐವತ್ತು ಗಜದಲ್ಲಿ ಕಾಲು ಇಂಚಿನ ಸುಮಾರಿಗೆ ಚದುರಿ ಹೊಗಳಿಕೆ ಪಡೆಯುತ್ತದೆ, ಇನ್ನೂರು ಗಜದಲ್ಲಿ ಐದು ಇಂಚಿನ ಹತ್ತಿರ ಚದುರಿ ನಾಲ್ಕು ಇಂಚಿನ ಫಲಕವನ್ನು ದಾಟಿಹೋಗುತ್ತದೆ.

ಇದನ್ನು ಸ್ಪರ್ಧೆಯ ಅಂಕಗಳ ಭಾಷೆಯಲ್ಲಿ ಹೇಳುವುದಕ್ಕಾಗಿ ಒಂದು ಲೆಕ್ಕ ಹಾಕಿದೆವು. ಫಲಕದ ಎತ್ತರ 4 ಇಂಚು, ದೂರ 200 ಗಜ. ವೇಗವನ್ನು ಬಿಟ್ಟು ಉಳಿದ ಕಾರಣಗಳಿಂದ ಆಗುವ ಎತ್ತರದ ಚದುರುವಿಕೆಯ ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬ ಅಳತೆ) 0.85 ಇಂಚು ಎಂದಿಟ್ಟುಕೊಂಡು, ಗುರಿ ಫಲಕದ ನಡುಮಧ್ಯಕ್ಕೆ ಇದೆ ಎಂದು ಭಾವಿಸಿದರೆ, ವೇಗದ ಮಾನಕ ವಿಚಲನೆ ಸೆಕೆಂಡಿಗೆ 18 ಅಡಿ ಇರುವ ತೋಟಾದಲ್ಲಿ ನೂರಕ್ಕೆ ಸುಮಾರು 61 ಗುಂಡುಗಳು ಫಲಕದ ಎತ್ತರದೊಳಗೆ ಬೀಳುತ್ತವೆ. ಅದು 12 ಅಡಿಗೆ ಇಳಿದರೆ 77, 8 ಅಡಿಗೆ ಇಳಿದರೆ 88, 5 ಅಡಿಯಾದರೆ ಸುಮಾರು 95. ಇದು ಬರೀ ಎತ್ತರದ ಲೆಕ್ಕ. ಗಾಳಿ ಇನ್ನೂ ಸೇರಿಲ್ಲ. ಹದಿನೆಂಟರಿಂದ ಎಂಟಕ್ಕೆ ಬರುವ ದಾರಿಯಲ್ಲಿ ಸಿಗುವ ಲಾಭ ಎಂಟರಿಂದ ಐದಕ್ಕೆ ಹೋಗುವಾಗ ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಆ ಕೊನೆಯ ಮೆಟ್ಟಿಲಲ್ಲೇ ಬೆಲೆ ಏರುವುದು.

ಹೆಚ್ಚು ವೇಗದ ಆಸೆ

ಅಗ್ಗದ ಹೈ-ವೆಲಾಸಿಟಿ ತೋಟಾವನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ವೇಗ ಹೆಚ್ಚಿದ್ದರೆ ಗಾಳಿಯ ಸೆಳೆತವಾದರೂ ಕಡಿಮೆಯಾಗಬೇಡವೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ, ಆದರೆ .22 ವಿಷಯದಲ್ಲಿ ಉತ್ತರ ತಿರುವುಮುರುವಾಗಿದೆ. ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುವ ದೂರ ಗುಂಡು ಕಳೆದುಕೊಂಡ ಸಮಯವನ್ನು ಅವಲಂಬಿಸಿದೆ, ಅಂದರೆ ವೇಗ ಸ್ವಲ್ಪವೂ ಕುಗ್ಗದೆ ಹೋಗಿದ್ದರೆ ಬೇಕಾಗುತ್ತಿದ್ದ ಸಮಯಕ್ಕೂ ನಿಜವಾಗಿ ಬೇಕಾದ ಸಮಯಕ್ಕೂ ಇರುವ ಅಂತರವನ್ನು. ಗುಂಡಿನ ವೇಗ ಶಬ್ದದ ವೇಗದ ಸಮೀಪಕ್ಕೂ ಮೇಲಕ್ಕೂ ಹೋದಂತೆ ಗಾಳಿಯ ಪ್ರತಿರೋಧ ಕಡಿದಾಗಿ ಏರುತ್ತದೆ. ಸೆಕೆಂಡಿಗೆ 1,235 ಅಡಿಯಲ್ಲಿ ಹೊರಟ ಗುಂಡು ಆ ಹೆಚ್ಚುವರಿ ವೇಗವನ್ನು ಮೊದಲ ನೂರು ಗಜದಲ್ಲೇ ಬಹುಪಾಲು ಕಳೆದುಕೊಳ್ಳುತ್ತದೆ. ಕಳೆದುಕೊಳ್ಳುವ ಆ ಅವಧಿಯಲ್ಲೇ ಗಾಳಿ ಅದನ್ನು ಹೆಚ್ಚು ತಳ್ಳುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ 200 ಗಜಕ್ಕೆ 1,070 ಅಡಿಯ ಗುಂಡು ಸುಮಾರು 14 ಇಂಚು ಸರಿದರೆ 1,235 ಅಡಿಯದು ಸುಮಾರು 16 ಇಂಚು ಸರಿಯುತ್ತದೆ. ಇದರ ಜೊತೆಗೆ, ಶಬ್ದದ ವೇಗವನ್ನು ಮೇಲಿನಿಂದ ಕೆಳಗೆ ದಾಟುವಾಗ ಗುಂಡಿನ ನೇರ ಓಟಕ್ಕೆ ಅಡ್ಡಿಯಾಗುತ್ತದೆ.

ಇದರ ನಡುವೆ ಇನ್ನೊಂದು ಆಯ್ಕೆಯೂ ಇತ್ತು. ಕೆಲವು ತಯಾರಕರು ದೂರದ ಸ್ಪರ್ಧೆಗಳಿಗೆಂದೇ ಸ್ವಲ್ಪ ಹೆಚ್ಚು ವೇಗದ ಮ್ಯಾಚ್ ತೋಟಾ ಮಾಡುತ್ತಾರೆ. ಜರ್ಮನಿಯ ಷೋನೆಬೆಕ್‌ನಲ್ಲಿ ತಯಾರಾಗುವ ಎಸ್‌ಕೆ ಲಾಂಗ್ ರೇಂಜ್ ಮ್ಯಾಚ್‌ನ ಘೋಷಿತ ವೇಗ 1,106 ಅಡಿ, ಅಂದರೆ ಸೆಕೆಂಡಿಗೆ 337 ಮೀಟರ್. ಅದೇ ಕಂಪನಿಯ ಸಾಮಾನ್ಯ ತೋಟಾಕ್ಕಿಂತ ಇದು ಸುಮಾರು 33 ಅಡಿ ಹೆಚ್ಚು. ಇನ್ನೂರು ಗಜದಲ್ಲಿ ಇದರಿಂದ ಗುಂಡು ಬೀಳುವುದು ನಾಲ್ಕು ಇಂಚಿನಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಮುನ್ನೂರು ಗಜದಾಚೆ ಹೋಗುವವರಿಗೆ, ಸ್ಕೋಪಿನ ತಿರುಪು ಮುಗಿದುಹೋಗುವ ಸಂದರ್ಭದಲ್ಲಿ, ಅದು ಅಮೂಲ್ಯವಾಗಬಹುದು. ನಮ್ಮ ಪ್ರಕರಣದಲ್ಲಿ ತಿರುಪು ಬೇಕಾದಷ್ಟಿತ್ತು. ಹವೆಯನ್ನೂ ನೋಡಬೇಕಾಯಿತು: ಶಬ್ದದ ವೇಗ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 1,097 ಅಡಿ, 40 ಡಿಗ್ರಿಯಲ್ಲಿ ಸುಮಾರು 1,164 ಅಡಿ. ಫೀನಿಕ್ಸ್‌ನ ಬೇಸಿಗೆಯ ಮಧ್ಯಾಹ್ನ ಶಬ್ದಕ್ಕಿಂತ ನಿಧಾನವಾಗಿ ಹೋಗುವ ಈ ಗುಂಡು ಅದೇ ಊರಿನ ಚಳಿಗಾಲದ ಮುಂಜಾನೆ ಶಬ್ದದ ವೇಗದ ಗಡಿಯ ಮೇಲೇ ಹೊರಡುತ್ತದೆ. ಅವರ ಕ್ಲಬ್ಬಿನ ಸ್ಪರ್ಧೆಗಳು ಬೆಳಗ್ಗೆ ನಡೆಯುತ್ತಿದ್ದುದರಿಂದ ವರ್ಷವಿಡೀ ಗಡಿಯ ಕೆಳಗೇ ಉಳಿಯುವ 1,070 ಅಡಿಯ ಆಸುಪಾಸಿನ ತೋಟಾಗಳಿಗೆ ಹುಡುಕಾಟವನ್ನು ಸೀಮಿತಗೊಳಿಸಿದೆವು.

ಲಾಟು, ಬ್ರ್ಯಾಂಡಲ್ಲ

ದೊಡ್ಡ ಕ್ಯಾಲಿಬರಿನ ರೈಫಲ್ ಇರುವವರು ಕಾರ್ಖಾನೆಯ ತೋಟಾ ಒಗ್ಗದಿದ್ದರೆ ಮದ್ದು ಅಳೆದು, ಗುಂಡು ಆರಿಸಿ, ತಾವೇ ತೋಟಾ ತುಂಬಿಕೊಳ್ಳುತ್ತಾರೆ. ರಿಮ್‌ಫೈರ್ .22ನಲ್ಲಿ ಆ ದಾರಿ ಮುಚ್ಚಿದೆ. ಇದರಲ್ಲಿ ಸಿಡಿಯುವ ಪ್ರೈಮರ್ ಮಿಶ್ರಣವನ್ನು ತೋಟಾದ ತಳದ ಅಂಚಿನ ಮಡಿಕೆಯೊಳಗೆ ಕಾರ್ಖಾನೆಯಲ್ಲೇ ಹರಡಿರುತ್ತಾರೆ. ಸೂಜಿ ಬಡಿದಾಗ ಆ ಅಂಚು ಜಜ್ಜಿಹೋಗುವುದರಿಂದ ಖಾಲಿ ಕೊಳವೆಯನ್ನು ಮತ್ತೆ ಬಳಸುವ ಮಾತೇ ಇಲ್ಲ. ಒಳಗಿನ ಮದ್ದು ಸುಮಾರು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಇಷ್ಟು ಚಿಕ್ಕ ಪ್ರಮಾಣದಲ್ಲಿ ಪ್ರೈಮರ್ ಮಿಶ್ರಣ ಅಂಚಿನ ಸುತ್ತ ಸಮನಾಗಿ ಹರಡದಿದ್ದರೂ, ಮದ್ದಿನ ಕೆಲವೇ ಕಣಗಳು ಹೆಚ್ಚುಕಡಿಮೆಯಾದರೂ, ಗುಂಡನ್ನು ಹಿಡಿದಿರುವ ಮಡಿಕೆಯ ಬಿಗಿ ಬದಲಾದರೂ ವೇಗ ಏರುಪೇರಾಗುತ್ತದೆ. ಇದರಿಂದಲೇ ಒಂದೇ ಹೆಸರಿನ, ಒಂದೇ ಬಣ್ಣದ ಡಬ್ಬಿಯೊಳಗೆ ಒಂದು ಉತ್ಪಾದನಾ ಲಾಟಿಗೂ (ಒಂದೇ ಸಲಕ್ಕೆ ಒಟ್ಟಾಗಿ ತಯಾರಾದ ಕಂತಿಗೂ) ಇನ್ನೊಂದಕ್ಕೂ ಗುಣದಲ್ಲಿ ಅಂತರ ಇರುತ್ತದೆ. ತಯಾರಕರಿಗೂ ಇದು ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಈಲಿ ಕಂಪನಿ ತನ್ನ ಮ್ಯಾಚ್ ದರ್ಜೆಯ ಡಬ್ಬಿಗಳ ಮೇಲೆ ಲಾಟಿನ ಸಂಖ್ಯೆಯ ಜೊತೆಗೆ ಆ ಲಾಟಿನ ವೇಗವನ್ನೂ ಅಚ್ಚು ಹಾಕುತ್ತದೆ. ಲಾಪುವಾ ಕಂಪನಿ ಅರಿಜೋನಾದ ಮೆಸಾ, ಓಹಾಯೊದ ಮರೆಂಗೊ ಊರುಗಳಲ್ಲಿ ನಡೆಸಿದ ಪರೀಕ್ಷಾ ಕೇಂದ್ರಗಳಲ್ಲಿ ಗ್ರಾಹಕರ ರೈಫಲ್ಲನ್ನೇ ಬಿಗಿದು ಹಲವು ಲಾಟುಗಳನ್ನು ಹೊಡೆದು ತೋರಿಸುವ ವ್ಯವಸ್ಥೆ ಮಾಡಿತು.

ಒಲಿಂಪಿಕ್ಸ್ ಮಟ್ಟದ 50 ಮೀಟರ್ ಸ್ಪರ್ಧಿಗಳು ಲಾಟು ಪರೀಕ್ಷೆಯಿಲ್ಲದೆ ತೋಟಾ ಕೊಳ್ಳುವುದಿಲ್ಲ, ಏಕೆಂದರೆ ಅವರ ಗುರಿಫಲಕದ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಭಾರತದಲ್ಲಿ .22 ಸ್ಪರ್ಧೆ ಹೆಚ್ಚಾಗಿ ಈ 50 ಮೀಟರಿನಲ್ಲೇ ನಡೆಯುವುದರಿಂದ, ಇನ್ನೂರು ಗಜದ ಮಾತು ಬೆಂಗಳೂರಿನ ಶೂಟರ್‌ಗಳಿಗೆ ದೂರದ್ದಾಗಿ ಕಂಡರೂ ಲಾಟಿನ ಮಾತು ಅವರಿಗೂ ಅಷ್ಟೇ ಅನ್ವಯಿಸುತ್ತದೆ.

ಪರೀಕ್ಷೆ

ಮೂರು ಬಗೆಯ ತೋಟಾದ ಒಟ್ಟು ನಾಲ್ಕು ಲಾಟು ತರಿಸಿದೆವು: ಒಂದು ಸಾಧಾರಣ ಬೆಲೆಯ ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗದ) ತೋಟಾ, ಮಧ್ಯಮ ಬೆಲೆಯ ಒಂದು ಮ್ಯಾಚ್ ತೋಟಾದ ಎರಡು ಬೇರೆ ಬೇರೆ ಲಾಟುಗಳು, ಅತ್ಯಂತ ದುಬಾರಿಯಾದ ಒಂದು ಮ್ಯಾಚ್ ತೋಟಾ. ತೋಟಾ ಬದಲಿಸಿದಾಗಲೆಲ್ಲ ಹತ್ತಿಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆದೆವು. ಪ್ರತಿ ತಯಾರಕರೂ ಸೀಸದ ಮೇಲೆ ಬೇರೆ ಬೇರೆ ಮೇಣ ಅಥವಾ ಜಿಡ್ಡು ಸವರುತ್ತಾರೆ. ಹಳೆಯ ಜಿಡ್ಡು ನಳಿಗೆಯಿಂದ ಹೋಗಿ ಹೊಸದು ಹಿಡಿಯುವವರೆಗೆ ಸಿಗುವ ಫಲಿತಾಂಶವನ್ನು ನಂಬುವಂತಿಲ್ಲ. ಇದನ್ನು ಪಾಲಿಸದೆ ಒಂದೊಂದು ಡಬ್ಬಿಯಿಂದ ಐದೈದು ಹೊಡೆದು ತೀರ್ಪು ಕೊಡುವವರು ಬಹಳ. ಅವರ ತೀರ್ಪಿಗೆ ಬೆಲೆಯಿಲ್ಲ.

ಎಷ್ಟು ಗುಂಡು ಹೊಡೆಯಬೇಕು ಎಂಬ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹತ್ತು ಗುಂಡಿನಿಂದ ಲೆಕ್ಕ ಹಾಕಿದ ಮಾನಕ ವಿಚಲನೆ 10 ಬಂದರೆ, ನಿಜವಾದ ಮೌಲ್ಯ ನೂರಕ್ಕೆ 95ರ ಭರವಸೆಯಲ್ಲಿ ಸುಮಾರು 7ರಿಂದ 18ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಒಳ್ಳೆಯ ತೋಟಾ, ಕೆಟ್ಟ ತೋಟಾ ಎರಡನ್ನೂ ಆ ಒಂದು ಅಂಕಿ ಒಳಗೊಂಡುಬಿಡುತ್ತದೆ. ಐವತ್ತು ಗುಂಡು ಹೊಡೆದರೆ ಆ ವ್ಯಾಪ್ತಿ ಸುಮಾರು 8.4ರಿಂದ 12.5ಕ್ಕೆ ಇಳಿಯುತ್ತದೆ. ಅಂತೆಯೇ ಗರಿಷ್ಠ ಮತ್ತು ಕನಿಷ್ಠ ವೇಗಗಳ ಅಂತರವನ್ನು ಹೋಲಿಸುವವರು ಗುಂಡುಗಳ ಸಂಖ್ಯೆಯನ್ನು ಮರೆಯಬಾರದು: ಅದೇ ತೋಟಾದಲ್ಲಿ ಹತ್ತು ಗುಂಡಿಗೆ ಈ ಅಂತರ ಮಾನಕ ವಿಚಲನೆಯ ಸರಾಸರಿ ಮೂರು ಪಟ್ಟಾದರೆ ಐವತ್ತು ಗುಂಡಿಗೆ ನಾಲ್ಕೂವರೆ ಪಟ್ಟಾಗುತ್ತದೆ. ಆದ್ದರಿಂದ ಪ್ರತಿ ಲಾಟಿಗೂ ಒಂದು ಪೂರ್ತಿ ಡಬ್ಬಿ, ಅಂದರೆ 50 ಗುಂಡು, ಮೀಸಲಿಟ್ಟೆವು. ಎಲ್ಲ ಲಾಟುಗಳನ್ನೂ ಒಂದೇ ಹೊತ್ತಿನ ತಂಪಿನಲ್ಲಿ, ಬೆಳಗಿನ ಶಾಂತ ಗಾಳಿಯಲ್ಲಿ, ಒಂದೇ ಮರಳು ಚೀಲದ ಮೇಲೆ ಹೊಡೆದೆವು.

ಫಲಿತಾಂಶದಲ್ಲಿ ಎರಡು ಸಂಗತಿ ಎದ್ದುಕಂಡವು. ಸಾಧಾರಣ ಬೆಲೆಯ ತೋಟಾ ಹಳೆಯ ಹೈ-ವೆಲಾಸಿಟಿಗಿಂತ ಬಹಳ ಉತ್ತಮವಾಗಿತ್ತು. ಅಭ್ಯಾಸಕ್ಕೆ, ನೂರು ಗಜದೊಳಗಿನ ಫಲಕಗಳಿಗೆ ಅದು ಧಾರಾಳವಾಗಿ ಸಾಕು. ಎರಡನೆಯದು ಮುಖ್ಯ. ಮಧ್ಯಮ ಬೆಲೆಯ ಮ್ಯಾಚ್ ತೋಟಾದ ಒಂದು ಲಾಟು ಸಾಧಾರಣದ್ದಕ್ಕಿಂತ ಸ್ವಲ್ಪವೇ ಮೇಲಿತ್ತು, ಇನ್ನೊಂದು ಲಾಟು ಅತ್ಯಂತ ದುಬಾರಿ ತೋಟಾದ ಸಮಕ್ಕೆ ನಿಂತಿತು. ಐವತ್ತು ಗಜದ ಕಾಗದದಲ್ಲಿ ಈ ಎರಡು ಲಾಟುಗಳನ್ನು ಬೇರೆ ಮಾಡಿ ಹೇಳಲು ಕಣ್ಣಿಗೆ ಸಾಧ್ಯವೇ ಇರಲಿಲ್ಲ. ಇನ್ನೂರು ಗಜದ ಕಾಗದದಲ್ಲಿ ಒಂದು ಉದ್ದುದ್ದವಾಗಿತ್ತು, ಇನ್ನೊಂದು ಹೆಚ್ಚುಕಡಿಮೆ ಗುಂಡಗಿತ್ತು. ಡಬ್ಬಿಯ ಮೇಲಿನ ಹೆಸರು, ಬಣ್ಣ, ಬೆಲೆ ಎಲ್ಲವೂ ಒಂದೇ. ಬೇರೆಯಾಗಿದ್ದದ್ದು ಪಕ್ಕದಲ್ಲಿ ಅಚ್ಚಾಗಿದ್ದ ಲಾಟಿನ ಸಂಖ್ಯೆ ಮಾತ್ರ. ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆದಿದ್ದರೆ ಓದಿದವರು ಆ ಹೆಸರನ್ನು ನೋಡಿ ಮೊದಲ ಲಾಟಿನಂಥದ್ದನ್ನೇ ಕೊಂಡು ಬರುವ ಸಾಧ್ಯತೆ ಎರಡನೆಯದರಷ್ಟೇ ಇರುತ್ತಿತ್ತು.

ತೋಟಾಗಳ ಅಂಚಿನ ದಪ್ಪವನ್ನು ಅಳೆದು ವಿಂಗಡಿಸುವುದು, ಒಂದೊಂದನ್ನೂ ತೂಗುವುದು ಇವುಗಳನ್ನು ಮಾಡಲೇ ಎಂದು ಅವರು ಕೇಳಿದ್ದರು. ಬೇಡ ಎಂದೆ. ತೂಕದ ವ್ಯತ್ಯಾಸ ಬಹುತೇಕ ಸೀಸದಲ್ಲೂ ಹಿತ್ತಾಳೆಯಲ್ಲೂ ಇರುತ್ತದೆ. ವೇಗವನ್ನು ನಿರ್ಧರಿಸುವ ಮದ್ದು ಮತ್ತು ಪ್ರೈಮರಿನ ಏರುಪೇರು ಅದರೊಳಗೆ ಮುಚ್ಚಿಹೋಗುತ್ತದೆ. ಆ ಸಂಜೆಗಳನ್ನು ಗಾಳಿ ಓದುವ ಅಭ್ಯಾಸಕ್ಕೆ ಕೊಡುವುದು ಮೇಲು.

ಆಯ್ಕೆ ಮತ್ತು ನಂತರ

ಅವರು ಎರಡನೆಯ ಲಾಟನ್ನು ಆರಿಸಿದರು. ಅಂಗಡಿಗೆ ಫೋನು ಮಾಡಿ, ಲಾಟಿನ ಸಂಖ್ಯೆಯನ್ನು ಓದಿ ಹೇಳಿ, ಅದೇ ಸಂಖ್ಯೆಯ 5,000 ಗುಂಡುಗಳ ಪೂರ್ತಿ ಪೆಟ್ಟಿಗೆ ತರಿಸಿಕೊಂಡರು. ದುಬಾರಿ ತೋಟಾದೊಂದಿಗೆ ಹೋಲಿಸಿದರೆ ಉಳಿದ ಹಣದಲ್ಲಿ ಲೇಸರ್ ದೂರಮಾಪಕ ಕೊಳ್ಳಲು ನಾನು ಸೂಚಿಸಿದೆ. ಅದಕ್ಕೆ ಕಾರಣ ಸರಳ ಲೆಕ್ಕ. ಸ್ಕೋಪನ್ನು ಇನ್ನೂರು ಗಜಕ್ಕೆ ಹೊಂದಿಸಿದ್ದಾಗ, ಆ ದೂರದ ಹೊತ್ತಿಗೆ ಗುಂಡು ನೋಟದ ರೇಖೆಗಿಂತ ಪ್ರತಿ ಗಜಕ್ಕೆ ಸುಮಾರು ಅರ್ಧ ಇಂಚಿನಷ್ಟು ಕೆಳಗಿಳಿಯುತ್ತಿರುತ್ತದೆ. ಫಲಕದ ದೂರವನ್ನು ಐದು ಗಜ ತಪ್ಪಾಗಿ ಅಂದಾಜಿಸಿದರೆ ಸುಮಾರು ಎರಡೂವರೆ ಇಂಚು ತಪ್ಪಿತು. ತೋಟಾದ ಏರುಪೇರು ದೊಡ್ಡದಾಗಿದ್ದಾಗ ಈ ತಪ್ಪು ಅದರೊಳಗೆ ಸೇರಿಹೋಗಿ ಕಾಣಿಸುತ್ತಿರಲಿಲ್ಲ. ತೋಟಾ ಸರಿಯಾದ ಮೇಲೆ ಎಲ್ಲ ಗುಂಡುಗಳೂ ಒಟ್ಟಾಗಿ ಒಂದೇ ಕಡೆ ಕೆಳಗೆ ಬಿದ್ದಾಗ ದೂರದ ಅಂದಾಜು ತಪ್ಪಾಗಿದೆ ಎಂಬುದು ಕೂಡಲೇ ತಿಳಿಯಿತು.

ಗಾಳಿಯ ವಿಷಯದಲ್ಲಿ ಯಾವ ಲಾಟೂ ಸಹಾಯ ಮಾಡುವುದಿಲ್ಲ. ಗಂಟೆಗೆ ಒಂದು ಮೈಲಿಯ ಅಡ್ಡಗಾಳಿ 200 ಗಜದಲ್ಲಿ ಸುಮಾರು 1.4 ಇಂಚು ಸರಿಸುತ್ತದೆ. ನಾಲ್ಕು ಇಂಚಿನ ಫಲಕದ ನಡುವಿನಿಂದ ಅಂಚಿಗೆ ಎರಡೇ ಇಂಚು. ಗಾಳಿಯನ್ನು ಒಂದೂವರೆ ಮೈಲಿಯಷ್ಟು ತಪ್ಪಾಗಿ ಓದಿದರೆ ಗುಂಡು ಫಲಕದ ಹೊರಗೆ. ಈಗ ಅವರು ಕಳೆದುಕೊಳ್ಳುವ ಅಂಕಗಳು ಬಹುಪಾಲು ಎಡಬಲದಲ್ಲಿ, ಮೇಲೆ ಕೆಳಗೆ ಅಲ್ಲ. ಒಂದು ಎಚ್ಚರಿಕೆಯನ್ನೂ ಸೇರಿಸಬೇಕು: ಇಷ್ಟು ಪುಟ್ಟದಾಗಿ ಕಂಡರೂ .22 ಗುಂಡು ಒಂದು ಮೈಲಿಗಿಂತ ಹೆಚ್ಚು ದೂರ ಹಾರಬಲ್ಲದು. ಉಕ್ಕಿನ ಫಲಕದ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ ಇರುವ, ಅನುಮತಿ ಪಡೆದ ರೇಂಜಿನಲ್ಲಿ ಮಾತ್ರ ಈ ದೂರದ ಅಭ್ಯಾಸ ನಡೆಯಬೇಕು.

ಪೆಟ್ಟಿಗೆಯ ಕೊನೆಯ ಐನೂರು ಗುಂಡುಗಳ ಕಟ್ಟನ್ನು ಒಡೆಯುವ ಮೊದಲೇ ಅವರು ಹೊಸ ಲಾಟುಗಳಿಂದ ಒಂದೊಂದು ಡಬ್ಬಿ ತರಿಸಬೇಕಾಗುತ್ತದೆ. ಹಳೆಯ ಲಾಟಿನ ಸ್ವಲ್ಪ ಗುಂಡುಗಳು ಕೈಯಲ್ಲಿರುವಾಗಲೇ ಹೊಸದನ್ನು ಅದರ ಪಕ್ಕದಲ್ಲಿಟ್ಟು ಹೊಡೆದರೆ ಹೋಲಿಕೆ ನಿಖರವಾಗುತ್ತದೆ, ಏಕೆಂದರೆ ಆ ದಿನದ ಹವೆ, ನಳಿಗೆಯ ಸವೆತ, ಕೈಯ ಸ್ಥಿತಿ ಎರಡಕ್ಕೂ ಸಮನಾಗಿರುತ್ತವೆ. ಅದಕ್ಕೆಂದು ಹಳೆಯ ಲಾಟಿನ ಎರಡು ಡಬ್ಬಿಗಳನ್ನು ಅವರು ಲಾಟಿನ ಸಂಖ್ಯೆ, ಮೊದಲ ಪರೀಕ್ಷೆಯ ವೇಗದ ಅಂಕಿಗಳು, ಅಂದಿನ ತಾಪಮಾನ ಇವನ್ನು ಬರೆದ ಚೀಟಿ ಅಂಟಿಸಿ ಬೇರೆಯಾಗಿ ಎತ್ತಿಟ್ಟಿದ್ದಾರೆ.